ತೆಫಿಲಿನ್: ತೋಳಿಗೂ ತಲೆಗೂ ಕಟ್ಟುವ ಧರ್ಮವಾಕ್ಯ

ಯೆಹೂದಿ ಪುರುಷರು ವಾರದ ದಿನಗಳ ಬೆಳಗಿನ ಪ್ರಾರ್ಥನೆಯಲ್ಲಿ ತೋಳಿಗೊಂದು, ತಲೆಗೊಂದು ಎಂಬಂತೆ ಪಟ್ಟಿಗಳಿಂದ ಕಟ್ಟಿಕೊಳ್ಳುವ ಕಪ್ಪು ಚರ್ಮದ ಪೆಟ್ಟಿಗೆಗಳಿಗೆ ತೆಫಿಲಿನ್ ಎಂದು ಹೆಸರು. ದೇವರ ಮಾತುಗಳು ಕೈಗೆ ಗುರುತಾಗಿಯೂ ಕಣ್ಣುಗಳ ನಡುವೆ ಜ್ಞಾಪಕವಾಗಿಯೂ ಇರಬೇಕೆಂದು ಅವರ ಮೂಲ ಧರ್ಮಗ್ರಂಥವಾದ ತೋರಾ ವಿಧಿಸಿದ್ದು, ಧರ್ಮಶಾಸ್ತ್ರ ಪಂಡಿತರಾದ ರಬ್ಬಿಗಳು ಅದನ್ನು ಉಪಮೆಯಾಗಿ ಬಿಡದೆ ನಿತ್ಯಾಚರಣೆಯಾಗಿಸಿದರು.

ತೋರಾದಲ್ಲಿನ ವಿಮೋಚನಕಾಂಡದ 13ನೆಯ ಅಧ್ಯಾಯದಿಂದ ಎರಡು, ಧರ್ಮೋಪದೇಶಕಾಂಡದ 6 ಮತ್ತು 11ನೆಯ ಅಧ್ಯಾಯಗಳಿಂದ ಒಂದೊಂದು, ಹೀಗೆ ನಾಲ್ಕು ಭಾಗಗಳನ್ನು ಶುದ್ಧವೆಂದು ಪರಿಗಣಿತವಾದ ಪ್ರಾಣಿಯ ಚರ್ಮದ ಹಾಳೆಯ ಮೇಲೆ ಲಿಪಿಕಾರನು ಕೈಯಿಂದಲೇ ಬರೆಯುತ್ತಾನೆ. ಒಂದೇ ಅಕ್ಷರ ಬಿಟ್ಟುಹೋದರೂ ಅದು ಧಾರಣೆಗೆ ಅನರ್ಹವಾಗುತ್ತದೆ. ತೋಳಿನ ಪೆಟ್ಟಿಗೆಯಲ್ಲಿ ನಾಲ್ಕೂ ಭಾಗಗಳು ಒಂದೇ ಸುರುಳಿಯಲ್ಲಿದ್ದರೆ, ತಲೆಯದರಲ್ಲಿ ಪ್ರತಿಯೊಂದಕ್ಕೂ ಬೇರೆ ಖಾನೆಯಿರುತ್ತದೆ. ಬಲಗೈ ಬಳಸುವವನು ಎಡತೋಳಿಗೆ, ಎಡಚನು ಬಲತೋಳಿಗೆ ಮೊದಲು ಕಟ್ಟಿ, ಬಳಿಕ ತಲೆಯ ಪೆಟ್ಟಿಗೆಯನ್ನು ಹಣೆಯ ಮೇಲ್ಭಾಗದಲ್ಲಿ, ಕೂದಲು ಹುಟ್ಟುವ ಗೆರೆಗಿಂತ ಕೆಳಗಿಳಿಯದಂತೆ ಧರಿಸುತ್ತಾನೆ. ಹೃದಯಕ್ಕೆ ಎದುರಾಗುವ ತೋಳು, ಬುದ್ಧಿಯ ನೆಲೆಯಾದ ತಲೆ ಇವೆರಡನ್ನೂ ದೇವರ ಸೇವೆಗೆ ಒಪ್ಪಿಸುವ ಈ ಭಾವವೇ ಆಚರಣೆಯ ನಿಜವಾದ ಸೊಬಗು. ಸಬ್ಬತ್ ಎಂಬ ವಾರದ ವಿಶ್ರಾಂತಿದಿನವು ಸ್ವತಃ ದೇವರೊಡನೆಯ ಒಡಂಬಡಿಕೆಯ ಗುರುತಾದುದರಿಂದ ಅಂದು ತೆಫಿಲಿನ್ ಧರಿಸುವುದಿಲ್ಲ. ಹುಡುಗರಿಗೆ ಈ ಹೊಣೆ 13ನೆಯ ವಯಸ್ಸಿಗೆ ಬರುತ್ತದೆ.

ನಾಲ್ಕು ಭಾಗಗಳ ಅನುಕ್ರಮದ ಬಗ್ಗೆ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿಗೂ (1040–1105) ಅವರ ಮೊಮ್ಮಗ ರಬ್ಬೇನು ತಾಮರಿಗೂ ಭಿನ್ನಾಭಿಪ್ರಾಯವಿತ್ತು. ರಾಶಿಯವರ ಕ್ರಮವೇ ಸಾಮಾನ್ಯವಾಗಿ ರೂಢಿಯಲ್ಲಿದ್ದರೂ, ಕೆಲವು ನಿಷ್ಠಾವಂತರು ಇಂದಿಗೂ ಎರಡೂ ಕ್ರಮಗಳ ತೆಫಿಲಿನ್‌ಗಳನ್ನು ಧರಿಸುತ್ತಾರೆ.