ತುಕ್ಕು ಹಿಡಿದ ಯಂತ್ರಕ್ಕೆ ಮರುಜೀವ

ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಕೊಳವೆಬಾವಿಯ ಪಂಪು, ಟ್ರಾಕ್ಟರು, ಕಡಲೆಕಾಯಿ ಸುಲಿಯುವ ಯಂತ್ರ, ಮಗ್ಗ ಇವುಗಳಲ್ಲಿ ಯಾವುದು ಕೆಟ್ಟು ನಿಂತರೂ ರೈತನಾಗಲಿ ನೇಕಾರನಾಗಲಿ ಮೊದಲು ಹುಡುಕುವುದು ಲೇತು ಇರುವ ಅಂಗಡಿಯನ್ನು. ಸವೆದ ಕೀಲನ್ನು ಹೊಸದಾಗಿ ಕಡೆದುಕೊಡುವವನು ಅಲ್ಲಿದ್ದಾನೆ. ಅಂತಹ ಅಂಗಡಿಯೊಂದನ್ನು ತೆರೆಯಬೇಕೆಂದು ಆಸೆಪಡುವ ತರುಣರು ನಮ್ಮಲ್ಲಿ ಹಲವರುಂಟು. ಆದರೆ ಹೊಸ ಲೇತಿನ ಬೆಲೆ ಲಕ್ಷಗಳ ಲೆಕ್ಕದ್ದು. ಸಾಮಾನ್ಯ ಸಂಸಾರಕ್ಕೆ ಅದು ಎಟುಕುವಂತಹುದಲ್ಲ. ಇತ್ತ, ಯಾವುದೋ ಗೋದಾಮಿನ ಮೂಲೆಯಲ್ಲಿ ಕೆಂಪಗೆ ತುಕ್ಕು ಹಿಡಿದ ಹಳೆಯ ಲೇತು ಗುಜರಿಯವನ ತಕ್ಕಡಿಗಾಗಿ ಕಾದಿರುತ್ತದೆ. ಈ ಎರಡರ ನಡುವೆ ಒಂದು ದಾರಿಯುಂಟು. ಹಳೆಯದನ್ನು ಮನೆಯ ಕಾರ್ಯಾಗಾರದಲ್ಲಿಯೇ ತಾಳ್ಮೆಯಿಂದ ಸರಿಪಡಿಸಿಕೊಳ್ಳುವುದೇ ಆ ದಾರಿ. ಅದರ ಕ್ರಮವನ್ನು ವಿದ್ಯಾರ್ಥಿಗಳಿಗೂ ಅವರ ತಾಯಿತಂದೆಗಳಿಗೂ ತಿಳಿಯುವಂತೆ ಇಲ್ಲಿ ವಿವರಿಸುತ್ತೇವೆ.

ಯಂತ್ರದ ಬೆಲೆ ಎಲ್ಲಿದೆ?

ಲೇತು ಯಂತ್ರಗಳನ್ನು ಮಾಡುವ ಯಂತ್ರ. ಸುಮಾರು ೧೮೦೦ರ ವೇಳೆಗೆ ಲಂಡನ್ನಿನ ಹೆನ್ರಿ ಮಾಡ್‌ಸ್ಲೇ ಎಂಬಾತನು ನಿಖರವಾದ ತಿರುಪುಗಳನ್ನು ಕೊರೆಯಬಲ್ಲ ಕಬ್ಬಿಣದ ಲೇತನ್ನು ರೂಪಿಸಿದನು. ಅದರಲ್ಲಿ ಉಳಿಯನ್ನು ಕೈಯಿಂದ ಹಿಡಿಯಬೇಕಾಗಿರಲಿಲ್ಲ. ನೇರವಾದ ಹಳಿಯ ಮೇಲೆ ಸರಿಯುವ ಹಿಡಿಕೆಯೇ ಅದನ್ನು ನಡೆಸುತ್ತಿತ್ತು. ನಮ್ಮ ನಾಡಿನಲ್ಲಿ ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ, ೧೯೫೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ಥಾನ್ ಮೆಷೀನ್ ಟೂಲ್ಸ್ ಸಂಸ್ಥೆಯೂ ಲೇತುಗಳಿಗೆ ಹೆಸರಾದವು. ಹರಿಹರದ ಆ ಕಾರ್ಖಾನೆ ಇಂದು ಇಲ್ಲ. ಅದರ ಲೇತುಗಳು ಮಾತ್ರ ಇನ್ನೂ ಕೈಯಿಂದ ಕೈಗೆ ಮಾರಾಟವಾಗುತ್ತಿವೆ.

ಲೇತಿನ ಕೆಳಭಾಗದಲ್ಲಿ ಉದ್ದಕ್ಕೂ ಹಾಸಿದಂತಿರುವ ಬೀಡು ಕಬ್ಬಿಣದ ಅಂಗಕ್ಕೆ ಬೆಡ್ ಎಂದು ಹೆಸರು. ಅದರ ಮೇಲಿನ ಹಳಿಗಳ ಮೇಲೆ ಉಳಿಯನ್ನು ಹೊತ್ತ ಸ್ಯಾಡಲ್ ಸರಿಯುತ್ತದೆ. ಹಳಿ ಎಷ್ಟು ನೇರವೋ ಕಡೆದ ವಸ್ತುವೂ ಅಷ್ಟೇ ನೇರ. ಒಳ್ಳೆಯ ಲೇತಿನ ಹಳಿಯನ್ನು ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ಮಾತ್ರ ವ್ಯತ್ಯಾಸವಿರುವಂತೆ ಮಾಡಿರುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಇದರ ಹಲವು ಪಟ್ಟು! ಆದುದರಿಂದ ಲೇತಿನ ಬೆಲೆ ಅದರ ತೂಕದಲ್ಲಿಲ್ಲ, ಅದರ ನೇರದಲ್ಲಿದೆ. ಗುಜರಿಯ ತಕ್ಕಡಿ ತೂಗಲಾರದ್ದು ಇದನ್ನೇ. ತುಕ್ಕು ಮಾಡದ ಹಾನಿಯನ್ನು ತುಕ್ಕು ತೆಗೆಯುವ ಆತುರ ಮಾಡಬಲ್ಲದು. ತುಕ್ಕು ಹೋಗಬೇಕು, ಕಬ್ಬಿಣ ಉಳಿಯಬೇಕು: ಈ ವಿದ್ಯೆಯ ಸಾರವೆಲ್ಲ ಇಷ್ಟೇ.

ತುಕ್ಕು ಎಂದರೇನು?

ಕಬ್ಬಿಣವು ಗಾಳಿಯಲ್ಲಿನ ಆಮ್ಲಜನಕದೊಡನೆಯೂ ನೀರಿನೊಡನೆಯೂ ಸೇರಿ ಆಗುವ ಕೆಂಪು ವಸ್ತುವೇ ತುಕ್ಕು. ಆಮ್ಲಜನಕ, ನೀರು ಇವೆರಡರಲ್ಲಿ ಒಂದಿಲ್ಲದಿದ್ದರೂ ಸಾಮಾನ್ಯವಾಗಿ ತುಕ್ಕು ಹುಟ್ಟದು. ಉಪ್ಪು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಬೆವರಿನ ಕೈ ತಗುಲಿದಲ್ಲಿ ಬೆರಳಿನ ಗುರುತೇ ತುಕ್ಕಾಗಿ ಮೂಡುವುದು ಇದರಿಂದಲೇ.

ಅನಂತಪುರ ಸೀಮೆಯು ಒಣ ಸೀಮೆ. ವರ್ಷಕ್ಕೆ ಸುಮಾರು ೫೫೦ ಮಿಲಿಮೀಟರ್ ಮಳೆ ಬೀಳುವ ಇಲ್ಲಿ ತುಕ್ಕೇಕೆ ಎಂದು ಕೇಳಬಹುದು. ತಣ್ಣೀರು ತುಂಬಿದ ಚೊಂಬಿನ ಹೊರಮೈಯಲ್ಲಿ ಹನಿಗಳು ಕೂಡುವುದನ್ನು ಎಲ್ಲರೂ ಕಂಡಿದ್ದೇವೆ. ಮಳೆಗಾಲದಲ್ಲಿ ಭಾರವಾದ ಯಂತ್ರವು ರಾತ್ರಿಯ ಚಳಿಗೆ ತಣ್ಣಗಾಗಿ ಬೆಳಗ್ಗೆಯೂ ಹಾಗೆಯೇ ಇರುತ್ತದೆ. ಬಿಸಿಲೇರಿದ ತೇವದ ಗಾಳಿ ಒಳಬಂದು ಅದನ್ನು ಮುಟ್ಟಿದಾಗ ಚೊಂಬಿನ ಮೇಲಿನಂತೆಯೇ ಹನಿ ಕೂಡುತ್ತದೆ. ಮಳೆ ನೇರವಾಗಿ ಬೀಳಬೇಕೆಂದೇನೂ ಇಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ತಾನು ಹುಟ್ಟಿದ ಕಬ್ಬಿಣಕ್ಕಿಂತ ತುಕ್ಕು ಎರಡರಷ್ಟಕ್ಕೂ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ನಟ್ಟು ಬೋಲ್ಟುಗಳು ಬಿಗಿದುಕೊಂಡು ಅಲುಗದಿರುವುದು ಇದರಿಂದ. ದಪ್ಪ ತುಕ್ಕನ್ನು ಕಂಡೊಡನೆ ಅಷ್ಟೇ ದಪ್ಪ ಕಬ್ಬಿಣ ಹೋಯಿತೆಂದು ಎದೆಗೆಡಬೇಕಾಗಿಲ್ಲವೆಂಬುದೂ ಇದರಿಂದಲೇ ತಿಳಿಯುತ್ತದೆ.

ಮೊದಲು ಪರೀಕ್ಷೆ

ಕೊಳ್ಳುವ ಮೊದಲೇ ನೋಡತಕ್ಕ ಅಂಶಗಳು ಕೆಲವುಂಟು. ಬೀಡಿನ ಭಾಗಗಳನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೇಳಬೇಕು. ಗಟ್ಟಿಯಾದುದು ಗಂಟೆಯಂತೆ ಸ್ವರ ಕೊಡುತ್ತದೆ. ಬಿರುಕು ಬಿಟ್ಟುದು ಒಡಕು ಮಡಕೆಯಂತೆ ಮಂಕಾಗಿ ನುಡಿಯುತ್ತದೆ. ಗಿಯರಿನ ಹಲ್ಲುಗಳು ಎಷ್ಟು ಮುರಿದಿವೆ, ಯಾವ ಭಾಗಗಳು ಕಾಣೆಯಾಗಿವೆ ಎಂಬುದನ್ನು ಪಟ್ಟಿ ಮಾಡಬೇಕು.

ಹಳಿಯ ಸವೆತವನ್ನು ತಿಳಿಯಲು ಸುಲಭವಾದ ಉಪಾಯವೊಂದಿದೆ. ಕೆಲಸವೆಲ್ಲ ನಡೆಯುವುದು ಚಕ್ಕಿನ ಬಳಿಯಾದ್ದರಿಂದ ಹಳಿ ಅಲ್ಲಿಯೇ ಹೆಚ್ಚು ಸವೆಯುತ್ತದೆ. ದೂರದ ತುದಿ ಹೊಸದರಂತೆಯೇ ಉಳಿದಿರುತ್ತದೆ. ಸ್ಯಾಡಲನ್ನು ಚಕ್ಕಿನ ಬಳಿ ತಂದು ಅಲುಗಾಟವಿಲ್ಲದಂತೆ ಬಿಗಿ ಮಾಡಿ, ಬಳಿಕ ದೂರದ ತುದಿಯ ಕಡೆಗೆ ಸರಿಸಬೇಕು. ಅದು ಕೊನೆಯವರೆಗೂ ಸರಾಗವಾಗಿ ಸಾಗಿದರೆ ಸವೆತ ಅಲ್ಪ. ನಡುವೆಯೇ ಬಿಗಿದು ನಿಂತರೆ ಸವೆತ ಅಧಿಕ. ಮೇಲೆ ಕೆಂಪಾಗಿದ್ದರೂ ಸವೆಯದ ಲೇತು ಒಳ್ಳೆಯದು. ಥಳಥಳಿಸಿದರೂ ಸವೆದ ಲೇತು ಕೆಟ್ಟುದು. ಬೆಡ್ ಬಿರುಕು ಬಿಟ್ಟಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡುವುದೇ ಲೇಸು.

ಬಿಚ್ಚುವ ಕ್ರಮ

ಬಿಚ್ಚುವಾಗ ಪ್ರತಿ ಹಂತದಲ್ಲಿಯೂ ಚಿತ್ರ ತೆಗೆದುಕೊಳ್ಳಬೇಕು, ಇಲ್ಲವೆ ಕೈಯಿಂದ ನಕ್ಷೆ ಬರೆದುಕೊಳ್ಳಬೇಕು. ಒಂದೊಂದು ಭಾಗದ ತಿರುಪುಗಳನ್ನು ಒಂದೊಂದು ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಬೇಕು. ಬರವಣಿಗೆ ಚೆನ್ನಾಗಿರುವ ಮಕ್ಕಳಿಗೆ ಇದು ತಕ್ಕ ಕೆಲಸ. ತಿಂಗಳ ನಂತರ ಜೋಡಿಸಲು ಕುಳಿತಾಗ ಈ ಚೀಟಿಗಳೇ ಗುರುವಾಗುತ್ತವೆ.

ಬಿಗಿದುಕೊಂಡ ಬೋಲ್ಟಿನ ಮೇಲೆ ಬಲಪ್ರಯೋಗ ಸಲ್ಲದು. ಸೀಮೆಎಣ್ಣೆಗೆ ಸ್ವಲ್ಪ ಯಂತ್ರದ ಎಣ್ಣೆಯನ್ನು ಬೆರೆಸಿ ಸಂದಿಗೆ ಹನಿಸಿ, ಒಂದೆರಡು ದಿನ ಬಿಟ್ಟು ಮತ್ತೆ ಹನಿಸಬೇಕು. ಸಡಿಲಿಸುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ನೋಡಿದರೆ ತುಕ್ಕಿನ ಹಿಡಿತ ಮುರಿಯುವುದುಂಟು. ಕೆಲವು ತಿರುಪುಗಳು ಎಡಸುತ್ತಿನವು. ಸಾಮಾನ್ಯ ರೀತಿಯಲ್ಲಿ ಬಿಚ್ಚಹೋದರೆ ಇನ್ನಷ್ಟು ಬಿಗಿಯುತ್ತವೆ. ಬೀಡು ಕಬ್ಬಿಣಕ್ಕೆ ಬಾಗುವ ಗುಣವಿಲ್ಲ. ಸುತ್ತಿಗೆಯ ಪೆಟ್ಟಿಗೆ ಅದು ಒಡೆಯುತ್ತದೆ.

ತುಕ್ಕು ಬಿಡಿಸುವ ವಿಧಾನಗಳು

ಹಳಿಗಳಿಗೂ ಸರಿಯುವ ಮೈಗಳಿಗೂ ಅತಿ ಮೃದುವಾದ ವಿಧಾನವೇ ತಕ್ಕುದು. ಸೀಮೆಎಣ್ಣೆ ಸವರಿ, ಹರಿತವಾದ ಬ್ಲೇಡನ್ನು ಹಳಿಗೆ ಒರಗಿಸಿದಂತೆ ಮಲಗಿಸಿ ತಳ್ಳಿದರೆ ಉಬ್ಬಿದ ತುಕ್ಕು ಮಾತ್ರ ಏಳುತ್ತದೆ. ಉಳಿದುದನ್ನು ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಬೇಕು. ಕೊನೆಗೆ ಉಳಿಯುವ ಕಪ್ಪು ಕಲೆಯಿಂದ ಹಾನಿಯಿಲ್ಲ. ಅದನ್ನೂ ಹೋಗಲಾಡಿಸಬೇಕೆಂಬ ಹಟ ಬೇಡ. ಹಳಿಯ ಮೇಲೆ ಸಾಣೆಯಂತ್ರವನ್ನಾಗಲಿ ಒರಟಾದ ಎಮರಿ ಕಾಗದವನ್ನಾಗಲಿ ಎಂದಿಗೂ ಪ್ರಯೋಗಿಸಕೂಡದು. ಸಾಣೆಯಿಂದ ನೇರ ಹೋಗುತ್ತದೆ. ಎಮರಿಯ ಹರಳುಗಳು ಬೀಡಿನಲ್ಲಿ ನಾಟಿಕೊಂಡು ಮುಂದೆಯೂ ಸವೆಸುತ್ತಿರುತ್ತವೆ.

ಹಿಡಿಕೆ, ಬೋಲ್ಟು, ಸ್ಪ್ಯಾನರು ಮುಂತಾದ ಸಣ್ಣ ಭಾಗಗಳಿಗೆ ಹುಳಿಯ ಸ್ನಾನ ಒಳ್ಳೆಯದು. ಹಿಂದೂಪುರದ ಮಂಡಿಯು ಹುಣಸೆಹಣ್ಣಿಗೂ ಬೆಲ್ಲಕ್ಕೂ ಹೆಸರಾದುದು; ತುಕ್ಕಿನ ಔಷಧವೂ ಆ ಎರಡು ಸರಕುಗಳ ಬಳಿಯೇ ಇದೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ತುಕ್ಕನ್ನು ಕರಗಿಸುತ್ತದೆ. ಗೃಹಿಣಿಯರು ಹುಣಸೆಯಿಂದ ಹಿತ್ತಾಳೆಯನ್ನು ಬೆಳಗುವುದೂ ಇದೇ ಗುಣದಿಂದ. ಹುಣಸೆಗೆ ಬದಲಾಗಿ ಲೀಟರ್ ನೀರಿಗೆ ೫೦ ಗ್ರಾಂ ಸಿಟ್ರಿಕ್ ಆಮ್ಲವನ್ನು, ಎಂದರೆ ನಿಂಬೆ ಉಪ್ಪನ್ನು, ಬೆರೆಸಿದರೂ ಆಗುತ್ತದೆ. ಭಾಗಗಳನ್ನು ಕೆಲವು ಗಂಟೆ ನೆನೆಯಿಟ್ಟು, ಆಗಾಗ್ಗೆ ತೆಗೆದು ಉಜ್ಜಿ ನೋಡುತ್ತಿರಬೇಕು. ತುಕ್ಕು ಮುಗಿದ ಮೇಲೆ ಹುಳಿಯು ಕಬ್ಬಿಣವನ್ನೇ ತಿನ್ನತೊಡಗುತ್ತದೆ. ಸಮಯ ಧಾರಾಳವಾಗಿದ್ದರೆ ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದೆರಡು ವಾರ ಮುಳುಗಿಸಿಡಬಹುದು. ವಾಸನೆ ಕೆಟ್ಟದ್ದು, ಕೆಲಸ ನಿಧಾನದ್ದು, ಖರ್ಚು ಅಲ್ಪ. ತೆಗೆದ ಬಳಿಕ ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ಒಡನೆಯೇ ಒಣಗಿಸಿ ಎಣ್ಣೆ ಸವರಬೇಕು. ತಡಮಾಡಿದರೆ ಕಣ್ಣೆದುರಿಗೇ ಮತ್ತೆ ಕೆಂಪಾಗುತ್ತದೆ. ಸ್ಪ್ರಿಂಗು, ಬೇರಿಂಗುಗಳನ್ನು ಹುಳಿಯಲ್ಲಿ ಹಾಕಕೂಡದು. ಗಡಸು ಉಕ್ಕು ಹುಳಿಯಿಂದ ಪೆಡಸಾಗಿ ಮುರಿಯುವ ಭಯವುಂಟು.

ಮೂರನೆಯದು ವಿದ್ಯುತ್ತಿನ ವಿಧಾನ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರಿಗೆ ಒಂದು ಚಮಚದಂತೆ ವಾಷಿಂಗ್ ಸೋಡಾ ಕರಗಿಸಿ, ೧೨ ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ತುಕ್ಕಿನ ವಸ್ತುವಿಗೂ ಧನ ತಂತಿಯನ್ನು ಕೆಲಸಕ್ಕೆ ಬಾರದ ಕಬ್ಬಿಣದ ಸಲಾಕೆಗೂ ಜೋಡಿಸಬೇಕು. ಅವೆರಡೂ ಒಂದನ್ನೊಂದು ಮುಟ್ಟಬಾರದು. ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾಗುತ್ತದೆ. ಒಳ್ಳೆಯ ಕಬ್ಬಿಣ ಕರಗದು. ಪಾಠದಲ್ಲಿ ಓದಿದ ವಿದ್ಯುದ್ವಿಭಜನೆಯನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಆದರೆ ಏಳುವ ಗುಳ್ಳೆಗಳಲ್ಲಿ ಜಲಜನಕವಿರುತ್ತದೆ. ಕಿಡಿ ತಗುಲಿದರೆ ಸಿಡಿಯುತ್ತದೆ. ಆದುದರಿಂದ ಇದನ್ನು ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು. ಸ್ಟೇನ್‌ಲೆಸ್ ಸ್ಟೀಲನ್ನು ಧನ ಸಲಾಕೆಯಾಗಿ ಬಳಸಿದರೆ ವಿಷಕರವಾದ ಕ್ರೋಮಿಯಂ ಸಂಯುಕ್ತ ನೀರಿಗೆ ಸೇರುತ್ತದೆ. ಸೋಡಾಕ್ಕೆ ಬದಲು ಅಡಿಗೆಯ ಉಪ್ಪನ್ನು ಹಾಕಿದರೆ ವಿಷವಾಯುವಾದ ಕ್ಲೋರಿನ್ ಹುಟ್ಟುತ್ತದೆ. ಎರಡೂ ವರ್ಜ್ಯ.

ಜೋಡಣೆ ಮತ್ತು ಅಳತೆ

ಎಣ್ಣೆಯ ರಂಧ್ರಗಳನ್ನು ತಂತಿಯಿಂದ ಶುದ್ಧಮಾಡಿ, ಸವೆದ ಬೇರಿಂಗುಗಳನ್ನು ಬದಲಿಸಿ, ಬಿಚ್ಚಿದ ಕ್ರಮಕ್ಕೆ ವಿಪರೀತವಾಗಿ ಜೋಡಿಸಬೇಕು. ಬಣ್ಣ ಬಳಿಯುವುದು ಹೊರಮೈಗೆ ಮಾತ್ರ, ಸರಿಯುವ ಮೈಗಳಿಗಲ್ಲ. ಆಮೇಲೆ ರಸಮಟ್ಟವಿಟ್ಟು ಲೇತನ್ನು ಉದ್ದಕ್ಕೂ ಅಡ್ಡಕ್ಕೂ ಮಟ್ಟವಾಗಿ ಕೂರಿಸಬೇಕು. ಕಾಲುಗಳಲ್ಲಿ ಒಂದು ತಗ್ಗಿದರೂ ಅಷ್ಟು ದಪ್ಪದ ಬೀಡು ತಿರುಚಿಕೊಳ್ಳುತ್ತದೆ.

ಯಂತ್ರ ಸರಿಯಾಯಿತೇ ಎಂಬುದನ್ನು ನಿರ್ಣಯಿಸುವುದು ಕಣ್ಣಲ್ಲ, ಅಳತೆ. ದಪ್ಪ ಸಲಾಕೆಯೊಂದನ್ನು ಚಕ್ಕಿನಲ್ಲಿ ಹಿಡಿದು, ಸುಮಾರು ೧೫೦ ಮಿಲಿಮೀಟರ್ ಹೊರಚಾಚುವಂತೆ ಬಿಟ್ಟು, ಉಳಿಯ ನೆಲೆಯನ್ನು ಬದಲಿಸದೆ ಎರಡು ತುದಿಗಳಲ್ಲಿಯೂ ಹಗುರವಾಗಿ ಕಡೆಯಬೇಕು. ಮೈಕ್ರೋಮೀಟರಿನಲ್ಲಿ ಎರಡರ ದಪ್ಪವೂ ಒಂದೇ ಬಂದರೆ ಲೇತು ನೇರವಾಗಿದೆ. ವ್ಯತ್ಯಾಸ ಬಂದರೆ ಕಾಲಿನ ಮಟ್ಟವನ್ನು ತಿದ್ದಿ ಮತ್ತೆ ನೋಡಬೇಕು. ಪಂಪಿನ ದಂಡ ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ ಆದರೆ ರೈತನ ಪಂಪು ಮತ್ತೆ ಕೆಡುತ್ತದೆ. ಅಂಗಡಿಯ ಹೆಸರೂ ಕೆಡುತ್ತದೆ.

ಎಚ್ಚರಿಕೆ

ಸಣ್ಣ ಲೇತು ಕೂಡ ನೂರಾರು ಕಿಲೋ ತೂಗುತ್ತದೆ. ಅದರ ಭಾರವೆಲ್ಲ ಮೇಲೆಯೂ ಒಂದು ಬದಿಗೂ ಇರುವುದರಿಂದ ಉರುಳುವ ಅಪಾಯ ಹೆಚ್ಚು. ಎತ್ತುವಾಗ ಮಕ್ಕಳು ಹತ್ತಿರ ಸುಳಿಯಬಾರದು. ಹಳೆಯ ಬಣ್ಣದಲ್ಲಿ ಸೀಸವಿರಬಹುದು; ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ಮೋಟಾರಿಗೆ ಅರ್ತಿಂಗ್ ಇರಲೇಬೇಕು. ಅದನ್ನು ಬಲ್ಲವರಿಂದಲೇ ಮಾಡಿಸಬೇಕು. ಲೇತು ತಿರುಗುವಾಗ ಸಡಿಲವಾದ ಉಡುಪು, ಕೈಗವಸು, ಬಳೆ, ಇಳಿಬಿಟ್ಟ ಜಡೆ ಯಾವುದೂ ಹತ್ತಿರವಿರಕೂಡದು. ಚಕ್ಕಿನ ಕೀಲಿಯನ್ನು ಚಕ್ಕಿನಲ್ಲಿಯೇ ಬಿಟ್ಟು ಗುಂಡಿ ಒತ್ತಿದರೆ ಅದು ಗುಂಡಿನಂತೆ ಹಾರುತ್ತದೆ.

ಕಾಪಾಡುವ ಬಗೆ

ಉಳಿಸಿದ ಯಂತ್ರವನ್ನು ಕಾಪಾಡುವುದು ಕಷ್ಟವಲ್ಲ. ಕೆಲಸ ಮುಗಿದೊಡನೆ ಲೋಹದ ಚೂರುಗಳನ್ನು ಗುಡಿಸಿ, ಮೈಯೊರಸಿ, ತೆಳ್ಳಗೆ ಎಣ್ಣೆ ಸವರಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಒಳಗಿನ ತೇವ ಹೊರಹೋಗದು; ಹತ್ತಿಯ ಬಟ್ಟೆಯೇ ಮೇಲು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಹೊದಿಕೆ ತೆಗೆದು ನೋಡಬೇಕು.

ಮೊದಲ ಪ್ರಯತ್ನಕ್ಕೆ ಲೇತೇ ಬೇಕಾಗಿಲ್ಲ. ಅಟ್ಟದ ಮೇಲೆ ಬಿದ್ದಿರುವ ಬೆಂಚ್ ವೈಸೋ ಕೈಯಿಂದ ತಿರುಗಿಸುವ ಡ್ರಿಲ್ಲೋ ಸಾಕು. ರಜೆಯ ದಿನಗಳಲ್ಲಿ ತಂದೆಯೂ ಮಕ್ಕಳೂ ಒಟ್ಟಿಗೆ ಕುಳಿತು, ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ನೋಡಲಿ. ಬಿಗಿದ ತಿರುಪಿನ ಮುಂದೆ ಎರಡು ದಿನ ಕಾಯಲು ಕಲಿತವನಿಗೆ ದೊಡ್ಡ ಯಂತ್ರದ ಬಳಿಗೆ ಹೋಗುವ ಅರ್ಹತೆ ಬಂದಿತೆಂದೇ ತಿಳಿಯಬೇಕು. ಗುಜರಿಯ ತಕ್ಕಡಿಗೆ ಹೋಗಲಿದ್ದ ಒಂದು ಲೇತು ನಮ್ಮ ಊರಿನಲ್ಲಿ ಮತ್ತೆ ತಿರುಗಿದರೆ ಅದರಿಂದ ಒಂದು ಮನೆಯ ಒಲೆ ಉರಿಯುತ್ತದೆ, ಸುತ್ತಿನ ಹತ್ತು ಹೊಲಗಳ ಪಂಪು ನಡೆಯುತ್ತದೆ.