ಹಿರಿಯರ ಎಡೆ ಮತ್ತು ಸಕ್ಕರೆಯ ಬುರುಡೆ

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಹೆದ್ದಾರಿಯಲ್ಲಿ ಹೆಗ್ಗಡದೇವನಕೋಟೆಯ ಬಳಿಯ ಕೂಡುರಸ್ತೆಗೆ ಹ್ಯಾಂಡ್‌ಪೋಸ್ಟ್ ಎಂದು ಹೆಸರು. ದಾರಿ ತೋರುವ ಕಂಬಕ್ಕೆ ಕನ್ನಡದಲ್ಲಿ ಕೈಮರವೆಂಬ ಸೊಗಸಾದ ಮಾತಿದ್ದರೂ ಇಲ್ಲಿ ಇಂಗ್ಲಿಷಿನ ಹೆಸರೇ ನೆಲೆನಿಂತಿದೆ. ಮಹಾಲಯ ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ ಇಲ್ಲಿ ಬಸ್ಸಿನಿಂದ ಇಳಿಯುವವರ ಕೈಗಳನ್ನು ಗಮನಿಸಬೇಕು. ಒಬ್ಬರ ಚೀಲದಲ್ಲಿ ಬಾಳೆಯೆಲೆಯ ಕಟ್ಟು, ಮತ್ತೊಬ್ಬರ ಕಂಕುಳಲ್ಲಿ ಹೊಸ ಪಂಚೆ, ಇನ್ನೊಬ್ಬರ ಬಳಿ ಮಡಿಕೆ ಬಿಚ್ಚದ ಸೀರೆ. ಆ ಬಟ್ಟೆಯನ್ನು ಉಡಬೇಕಾದವರು ತೀರಿಹೋಗಿ ಎಷ್ಟೋ ವರ್ಷಗಳಾಗಿವೆ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಇದು ಹಿರಿಯರ ಹಬ್ಬ. ಪುರೋಹಿತರನ್ನು ಕರೆಸಿ ಪಿಂಡವಿಡುವ ಮನೆಗಳ ಕ್ರಮ ಬೇರೆ. ಒಕ್ಕಲುಮಕ್ಕಳ ಮನೆಗಳ ಕ್ರಮ ಬೇರೆ. ನಡುಮನೆಯನ್ನು ಸಾರಿಸಿ, ಕಳಸ ಹೂಡಿ, ಅದರ ಮುಂದೆ ಹೊಸ ಬಟ್ಟೆಯಿಟ್ಟು ಎಲೆ ಹಾಸುವರು. ಹೋದವರ ನಾಲಗೆಗೆ ಹಿತವಾಗಿದ್ದುದೆಲ್ಲ ಆ ಎಲೆಯ ಮೇಲೆ ಬರಬೇಕು: ಕಜ್ಜಾಯ, ವಡೆ, ಪಾಯಸ, ಮುದ್ದೆ, ಮಾಂಸದ ಸಾರು. ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅದೂ ಉಂಟು. ಬದುಕಿದ್ದಾಗ ಬೀಡಿಯ ಹೊಗೆಗೆ ಮೂಗು ಮುರಿಯುತ್ತಿದ್ದ ಸೊಸೆಯೇ ಅಂದು ಕಟ್ಟು ಬಿಚ್ಚಿ ಇಡುವಳು. ಧೂಪ ಹಾಕಿ, ಕೈಮುಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡುವರು. ಒಳಗೆ ಹಿರಿಯರು ಉಣ್ಣಬೇಕು.

ಒಮ್ಮೆ ಇಂಥ ಮುಚ್ಚಿದ ಬಾಗಿಲ ಹೊರಗೆ ನಾನೂ ಕುಳಿತಿದ್ದೆ. ಮನೆಯ ಸಣ್ಣ ಹುಡುಗ ಬಾಗಿಲ ಸಂದಿಗೆ ಕಣ್ಣಿಟ್ಟು ಕೇಳಿದ:

“ಅಜ್ಜಿ, ತಾತ ಬಂದವ್ರಾ? ಈಗ ಯೆಂಗವ್ರೆ?”

“ಸುಮ್ಕಿರು ಮಗ. ಉಣ್ಣೋವಾಗ ಯಾರ ಮಕನೂ ನೋಡ್‌ಬಾರ್ದು.”

ಅಜ್ಜಿ ಪ್ರಶ್ನೆಯನ್ನು ಮುಚ್ಚಿದಳು. ಆದರೆ ಪ್ರಶ್ನೆ ಸಾಮಾನ್ಯವಾದುದಲ್ಲ. ಸತ್ತವರು ಹಬ್ಬಕ್ಕೆ ಬರುವರೆಂದಾದರೆ ಯಾವ ರೂಪದಿಂದ ಬರುವರು? ನಮ್ಮ ನಡುಮನೆ ಇದಕ್ಕೆ ಉತ್ತರ ಕೊಡುವುದಿಲ್ಲ. ಭೂಮಿಯ ಆಚೆಯ ಮಗ್ಗುಲಿನ ಮೆಕ್ಸಿಕೊ ದೇಶ ಮಾತ್ರ ಯಾವ ಅಂಜಿಕೆಯೂ ಇಲ್ಲದೆ ಉತ್ತರಿಸಿದೆ: ಎಲುಬಿನ ರೂಪದಿಂದ, ಅದೂ ನಗುತ್ತ.

ಅಲ್ಲಿ ನವೆಂಬರ್ 1 ಮತ್ತು 2 ಸತ್ತವರ ದಿನಗಳು. ಮನೆಯಲ್ಲಿ ಜಗಲಿ ಕಟ್ಟಿ, ದೀಪ ಹಚ್ಚಿ, ಧೂಪವಿಟ್ಟು, ಹೋದವರಿಗೆ ಪ್ರಿಯವಾಗಿದ್ದ ತಿನಿಸು ಪಾನೀಯಗಳನ್ನು ಇಡುವರು. ಅವರಿಗೆ ದಾರಿ ತಿಳಿಯಲೆಂದು ಹರಡುವ ಹೂವು ಯಾವುದು ಬಲ್ಲಿರಾ? ನಮ್ಮ ಚೆಂಡುಹೂವು! ಗುಂಡ್ಲುಪೇಟೆಯ ಹೊಲಗಳನ್ನು ಹಳದಿಯಾಗಿಸಿ, ಆಯುಧಪೂಜೆಯಂದು ಪ್ರತಿಯೊಂದು ಬಸ್ಸಿನ ಕೊರಳೇರುವ ಈ ಹೂವಿನ ತವರು ಮೆಕ್ಸಿಕೊ. ಯೂರೋಪಿನ ನಾವಿಕರು ಅಮೆರಿಕವನ್ನು ಕಂಡ ಮೇಲೆಯೇ ಅದು ನಮ್ಮಲ್ಲಿಗೆ ಬಂದದ್ದು. ಎಡೆಯ ಸಾರಿಗೆ ಅರೆದ ಮೆಣಸಿನಕಾಯಿಯೂ ಅಮೆರಿಕದಿಂದ ಬಂದುದೇ. ಹೀಗೆ ನಮಗೆ ತಿಳಿಯದೆಯೇ ಎರಡು ನಾಡುಗಳ ಎಡೆಗಳು ನೆಂಟರಾಗಿವೆ.

ನೆಂಟಸ್ತಿಕೆ ಇಷ್ಟಕ್ಕೇ ನಿಲ್ಲದು. ಸಂಕ್ರಾಂತಿಗೆ ಮುನ್ನ ಮೈಸೂರಿನ ಮನೆಗಳಲ್ಲಿ ಸಕ್ಕರೆ ಅಚ್ಚು ಹುಯ್ಯುವ ಸಂಭ್ರಮವನ್ನು ನೋಡದವರಾರು? ಮರದ ಅಚ್ಚುಗಳನ್ನು ನೀರಿನಲ್ಲಿ ನೆನೆಸಿ, ಎರಡು ಹೋಳುಗಳನ್ನು ಬಿಗಿದು ಕಟ್ಟಿ, ಹದಕ್ಕೆ ಬಂದ ಪಾಕವನ್ನು ಹುಯ್ದು, ಗಟ್ಟಿಯಾದೊಡನೆ ಬಿಚ್ಚಿದರೆ ಗಿಳಿ, ಆನೆ, ತುಳಸಿಕಟ್ಟೆ. ಮೆಕ್ಸಿಕೊದ ತೊಲುಕಾ ನಗರದ ಕುಶಲಿಗಳ ಕೈಗೆಲಸವೂ ಹೆಚ್ಚುಕಡಿಮೆ ಇದೇ. ನೆನೆಸಿದ ಮಣ್ಣಿನ ಅಚ್ಚಿಗೆ ಬಿಸಿ ಪಾಕವನ್ನು ಹುಯ್ಯುವರು. ಅಂಚು ಗಟ್ಟಿಯಾದೊಡನೆ ಉಳಿದ ಪಾಕವನ್ನು ಬಸಿದುಬಿಡುವರು. ಒಳಗೆ ಟೊಳ್ಳಾದ ಬಿಳಿಯ ತಲೆಬುರುಡೆ ಸಿದ್ಧ! ಅದಕ್ಕೆ ಬಣ್ಣದ ಸಕ್ಕರೆಯ ಹೂಬಳ್ಳಿ, ಕಣ್ಣಿನ ಗುಳಿಗೆ ಮಿರುಗುವ ಕಾಗದ, ಹಣೆಯ ಮೇಲೊಂದು ಹೆಸರು. ಆ ಹೆಸರು ಸತ್ತವರದೇ ಆಗಬೇಕೆಂದಿಲ್ಲ. ಗೆಳೆಯ ಗೆಳತಿಯರು ಬದುಕಿರುವವರ ಹೆಸರನ್ನೇ ಬರೆಯಿಸಿ ಒಬ್ಬರಿಗೊಬ್ಬರು ಕೊಡುವರು. ತನ್ನ ಹೆಸರಿನ ಬುರುಡೆಯನ್ನು ಮಗು ಕಟಕಟನೆ ಕಡಿದು ತಿನ್ನುವುದು. ವೇದಾಂತವನ್ನು ಇದಕ್ಕಿಂತ ಸಿಹಿಯಾಗಿ ಬೋಧಿಸಿದವರುಂಟೆ?

ಈ ನಗುವ ಎಲುಬಿಗೆ ನಾಡಿನ ಗಲ್ಲಿಗಲ್ಲಿಯಲ್ಲಿ ಮುಖ ಕೊಟ್ಟವನು ಹೊಸೆ ಗ್ವಾದಲೂಪೆ ಪೊಸಾದ. 1852ರಲ್ಲಿ ಹುಟ್ಟಿದ ಈ ಚಿತ್ರಗಾರ ಮೆಕ್ಸಿಕೊ ನಗರದ ಅಚ್ಚುಕೂಟವೊಂದಕ್ಕೆ ಅಗ್ಗದ ಹಾಳೆಗಳ ಚಿತ್ರಗಳನ್ನು ಕೆತ್ತುತ್ತಿದ್ದ. ಅವನ ಲೋಕದಲ್ಲಿ ರಾಜಕಾರಣಿಯೂ ಎಲುಬಿನ ಹಂದರ, ಸೈನಿಕನೂ ಎಲುಬಿನ ಹಂದರ. ಹುಟ್ಟಿದ ನೆಲವನ್ನು ಮರೆತು ಯೂರೋಪಿನ ಬೆಡಗನ್ನು ಹೊತ್ತ ಹೆಂಗಸನ್ನು ಅವನು ದೊಡ್ಡ ಟೊಪ್ಪಿಗೆಯ ಬುರುಡೆಯಾಗಿ ಕೆತ್ತಿದ. ಮುಂದೆ 1947ರಲ್ಲಿ ದಿಯೇಗೊ ರಿವೇರಾ ತನ್ನ ದೊಡ್ಡ ಭಿತ್ತಿಚಿತ್ರವೊಂದರಲ್ಲಿ ಅವಳಿಗೆ ಮೈಯನ್ನೂ ಉಡುಗೆಯನ್ನೂ ಕೊಟ್ಟು, ಬಾಲಕನಾದ ತನ್ನ ಕೈಯನ್ನು ಅವಳ ಕೈಯಲ್ಲಿಟ್ಟ. ಅವಳೇ ಇಂದು ಲೋಕಪ್ರಸಿದ್ಧಳಾದ ಕತ್ರೀನಾ. ಕಾಪುಲಾ ಎಂಬ ಊರಿನ ಕುಂಬಾರರು ಅವಳನ್ನು ಮಣ್ಣಿನಲ್ಲಿ ಮಾಡುವರು. ಪೇದ್ರೊ ಲಿನಾರೆಸ್ ಎಂಬ ಕುಶಲಿಯ ಮನೆತನದವರು ಕಾಗದ ಮತ್ತು ಅಂಟಿನಿಂದ ಆಳೆತ್ತರದ ಅಸ್ಥಿಪಂಜರಗಳನ್ನು ಮಾಡಿದರು. ಅಣುಬಾಂಬಿನ ಪ್ರಳಯವನ್ನು ಕುರಿತ ಅವರ ಎಲುಬಿನ ಬೊಂಬೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ.

ಹಾಗಾದರೆ ಕನ್ನಡದ ಕೈಗಳು ಎಲುಬನ್ನು ಕಡೆಯಲೇ ಇಲ್ಲವೆ? ಕಡೆದಿವೆ, ಆದರೆ ಮನೆಯಲ್ಲಲ್ಲ, ಗುಡಿಯಲ್ಲಿ. 6ನೆಯ ಶತಮಾನದ ಬಾದಾಮಿಯ ಮೊದಲನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕದಲ್ಲಿ ಕೈಮುಗಿದು ನಿಂತ ಭೃಂಗಿಯನ್ನು ನೋಡಿ. ಶಿವನನ್ನು ಮಾತ್ರ ಸುತ್ತುವೆನೆಂದು ಹಟ ಹಿಡಿದವನ ಮೈಯಿಂದ ಪಾರ್ವತಿ ರಕ್ತಮಾಂಸಗಳನ್ನು ಹಿಂತೆಗೆದುಕೊಂಡಳೆಂಬುದು ಕಥೆ. ಉಳಿದುದು ಮೂಳೆ ಮತ್ತು ಭಕ್ತಿ. ಹಾಸನದ ಬಳಿಯ ದೊಡ್ಡಗದ್ದವಳ್ಳಿಯಲ್ಲಿ, ವಿಷ್ಣುವರ್ಧನನ ಕಾಲದಲ್ಲಿ, ಸುಮಾರು 1113ರಲ್ಲಿ ಕಟ್ಟಿದ ಲಕ್ಷ್ಮೀದೇವಿಯ ಗುಡಿಯಿದೆ. ಅಲ್ಲಿ ಕಾಳಿಯ ಬಾಗಿಲಿನ ಎರಡು ಕಡೆಗೂ ಎತ್ತರದ ಬೇತಾಳರು. ಪಕ್ಕೆಲುಬು ಎಣಿಸುವಂತಿದೆ, ಹೊಟ್ಟೆ ಬೆನ್ನಿಗಂಟಿದೆ, ಬಾಯಿ ತೆರೆದಿದೆ. ಆದರೆ ಆ ತೆರೆದ ಬಾಯಿ ನಗೆಯಲ್ಲ. ಅವರು ಕಾವಲಿನವರು, ಅವರನ್ನು ದಾಟುವ ಎದೆಯುಳ್ಳವನೇ ಒಳಗೆ ಹೋಗಬೇಕು.

ಭೇದವಿರುವುದು ಇಲ್ಲಿ. ನಮ್ಮ ಶಿಲ್ಪಿ ಎಲುಬನ್ನು ದೇವರ ಬಾಗಿಲಲ್ಲಿ ನಿಲ್ಲಿಸಿದ; ಮೆಕ್ಸಿಕೊದ ಕುಶಲಿ ಅದನ್ನು ಮಗುವಿನ ಅಂಗೈಯಲ್ಲಿಟ್ಟ. ಅವರು ಸಾವಿಗೆ ಅಂಜದ ಧೀರರು, ನಾವು ಅಂಜುಬುರುಕರು ಎಂದು ತೀರ್ಪು ಕೊಡುವುದು ಸುಲಭ, ಆದರೆ ಸರಿಯಲ್ಲ. ಅವರ ನಗೆ ಅಗ್ಗವಾಗಿ ದೊರೆತುದಲ್ಲ. ಆಸ್ಟೆಕ್ ಅರಸರು ಬಲಿಯಾದವರ ತಲೆಗಳನ್ನು ಪೋಣಿಸಿ ನಿಲ್ಲಿಸಿದ್ದ ಹಂದರದ ಅವಶೇಷಗಳು ಮೆಕ್ಸಿಕೊ ನಗರದ ನಡುವೆಯೇ 2015ರಲ್ಲಿ ಅಗೆತದಿಂದ ಹೊರಬಂದವು. ಆಮೇಲೆ ಸ್ಪೇನಿನವರ ಕತ್ತಿ ಬಂತು, ಸಿಡುಬು ಬಂತು. ಅಷ್ಟು ಸಾವನ್ನು ಕಂಡ ಜನ ಅದನ್ನು ಸಕ್ಕರೆಯಲ್ಲಿ ಅದ್ದಿ ತಿಂದರೆ, ಅದು ಲಘುವಾದ ನಗೆಯಲ್ಲ. ಇತ್ತ ನಮ್ಮಲ್ಲಿ ಸುಡುವವರು ಅಸ್ಥಿಯನ್ನು ಪಶ್ಚಿಮವಾಹಿನಿಯ ನೀರಿಗೆ ಬಿಡುವರು. ಹೂಳುವವರು ಮಣ್ಣಿಗೆ ಒಪ್ಪಿಸುವರು. ಕೊಟ್ಟುದನ್ನು ಮರಳಿ ಕೇಳುವುದಿಲ್ಲ. ಎಡೆಗೆ ಬರುವ ಹಿರಿಯನಿಗೆ ಎಲುಬು ಬೇಡ. ಪಂಚೆ ಸಾಕು, ರುಚಿ ಸಾಕು, ಹೆಸರು ಸಾಕು.

ಆದರೆ ಹೆಸರಾದರೂ ಉಳಿಯಬೇಕಷ್ಟೆ! ಸಕ್ಕರೆಯ ಬುರುಡೆಯ ಹಣೆಯ ಮೇಲೆ ಅವರು ಬರೆದುದನ್ನು ನಾವು ಬಾಯಲ್ಲಿಟ್ಟುಕೊಂಡಿದ್ದೇವೆ. ಬಾಯಿಗಳು ಒಂದೊಂದಾಗಿ ಮುಚ್ಚುತ್ತಿವೆ. ವಿದ್ಯಾರ್ಥಿಗಳನ್ನು ಕೇಳಿ ನೋಡಿ: ಹೊಯ್ಸಳ ಅರಸರ ವಂಶಾವಳಿಯನ್ನು ತಡವರಿಸದೆ ಒಪ್ಪಿಸುವವನು ಮುತ್ತಜ್ಜಿಯ ಹೆಸರಿಗೆ ತಲೆ ಕೆರೆದುಕೊಳ್ಳುವನು. ಎಲ್ಲರ ಎಲುಬಿಗೂ ಮುಖ ಕೊಟ್ಟ ಪೊಸಾದ 1913ರಲ್ಲಿ ಬಡತನದಲ್ಲಿ ಸತ್ತ. ಬಡವರ ಗುಂಡಿಯಲ್ಲಿ ಹೂಳಿದ ಅವನ ಮೂಳೆಗಳನ್ನು ಕೇಳುವವರಿಲ್ಲದೆ ಕೆಲವು ವರ್ಷಗಳ ಮೇಲೆ ತೆಗೆದು ಸಾಮಾನ್ಯ ಗುಂಡಿಗೆ ಹಾಕಿದರು. ಇಂದು ಅವನ ಎಲುಬು ಎಲ್ಲಿದೆಯೋ ಯಾರೂ ಅರಿಯರು. ಹೆಸರು ಮಾತ್ರ ಅವನ ಚಿತ್ರಗಳಿಂದ ಉಳಿದಿದೆ. ಚಿತ್ರ ಬರೆಯದ, ಶಾಸನ ಹಾಕಿಸದ ಕೋಟಿ ಜನರಿಗೆ ಯಾವುದು ಆಸರೆ?

ಆ ದಿನ ಬಾಗಿಲು ತೆರೆದಾಗ ಅಜ್ಜಿ ಮೊಮ್ಮಗನ ಕೈ ಹಿಡಿದು ಎಲೆಗಳನ್ನು ಒಂದೊಂದಾಗಿ ತೋರಿಸಿದಳು. ಇದು ತಾತನದು, ಇದು ತಾತನ ಅಪ್ಪನದು, ಇದು ದೊಡ್ಡವ್ವನದು. ಪ್ರತಿಯೊಂದಕ್ಕೂ ಒಂದು ಹೆಸರು. ಹುಡುಗ ಹಿಂದೆಯೇ ಹೇಳುತ್ತ ಬಂದ. ಕೊನೆಯ ಎಲೆಯ ಬಳಿ ಅಜ್ಜಿ ತಡೆದಳು.

“ಇದು ನಿಮ್ ತಾತನ ಅಜ್ಜೀದು ಕಣ್ ಮಗ. ಹೆಸ್ರು ನಂಗೂ ಮರ್ತೋಯ್ತು.”

ಹೆಸರು ಮರೆತಿದ್ದರೂ ಎಲೆಯನ್ನು ಮರೆತಿರಲಿಲ್ಲ. ಅದರ ಮೇಲೂ ಕಜ್ಜಾಯವಿತ್ತು, ಸಾರಿತ್ತು, ಪಕ್ಕದಲ್ಲೊಂದು ಚೆಂಡುಹೂವಿತ್ತು.