ಕಲ್ಲಿನ ತಿಥಿ, ಫೈಲಿನ ತಿಥಿ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ವೀರಸೋಮೇಶ್ವರನ ಆಳಿಕೆಯಲ್ಲಿ, ಕ್ರಿ. ಶ. ೧೨೪೬ರಲ್ಲಿ, ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದನು. ಅದರ ಹೊರಗೋಡೆಯ ವಿಗ್ರಹಗಳಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಮ್ಮ ಹೆಸರನ್ನು ಕೊರೆದಿರುವರು. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಕೆತ್ತಿಸುವುದು ನಮ್ಮ ಹಿರಿಯರ ವಾಡಿಕೆ. ಹಾಗೆ ಕೊರೆದ ತಿಥಿಯು ಕಲ್ಲನ್ನು ಬಿಟ್ಟು ಹೋಗದು.

ಈಗ ಮದುವೆಯ ಛಾಯಾಚಿತ್ರ, ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ ಇವೆಲ್ಲವೂ ಕಂಪ್ಯೂಟರಿನ ಫೈಲುಗಳಾಗಿ ಮನೆಯಲ್ಲಿ ಸೇರುತ್ತಿವೆ. ಪ್ರತಿಯೊಂದು ಫೈಲಿನ ಪಕ್ಕದಲ್ಲಿಯೂ ಒಂದು ದಿನಾಂಕ ಕಾಣುವುದು. ಆದರೆ ಇದು ಫೈಲಿನೊಳಗೆ ಬರೆದುದಲ್ಲ. ಯಂತ್ರವು ತನ್ನ ದಫ್ತರದಲ್ಲಿ ಬೇರೆಯಾಗಿ ಇಟ್ಟುಕೊಂಡ ಟಿಪ್ಪಣಿ. ಈ ಭೇದವನ್ನು ಗೃಹಸ್ಥರು ಅವಶ್ಯವಾಗಿ ತಿಳಿದಿರಬೇಕೆಂದು ನಮ್ಮ ಅಭಿಪ್ರಾಯ.

ಲಿನಕ್ಸ್ ಮೊದಲಾದ ವ್ಯವಸ್ಥೆಗಳಲ್ಲಿ ಒಂದು ಫೈಲಿಗೆ ಮುಖ್ಯವಾಗಿ ಮೂರು ಕಾಲಗಳುಂಟು: ಕೊನೆಯದಾಗಿ ಓದಿದ ಕಾಲ, ಒಳಗಿನ ವಿಷಯವನ್ನು ತಿದ್ದಿದ ಕಾಲ, ದಫ್ತರದ ವಿವರವು ಬದಲಾದ ಕಾಲ. ಇವುಗಳನ್ನು ೧೯೭೦ನೆಯ ಜನವರಿ ೧ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುವರು. ಎಣಿಕೆಯ ಆರಂಭವು ನಮ್ಮ ಗಡಿಯಾರದಲ್ಲಿ ಅಂದಿನ ಬೆಳಗಿನ ೫-೩೦ ಗಂಟೆ. ಪೈಥಾನ್ ಭಾಷೆಯ ಸ್ಕ್ರಿಪ್ಟಿನಲ್ಲಿ ‘ಓಎಸ್.ಪಾತ್.ಗೆಟ್‌ಎಂಟೈಮ್’ ಎಂದು ಕೇಳಿದರೆ ತಿದ್ದಿದ ಕಾಲದ ಸಂಖ್ಯೆ ದೊರೆಯುವುದು. ‘ಡೇಟ್‌ಟೈಮ್’ ಅದನ್ನು ದಿನಾಂಕವಾಗಿ ಮಾರ್ಪಡಿಸುವುದು.

ಬದಲಾಯಿಸುವುದೂ ಕಷ್ಟವಲ್ಲ. ‘ಓಎಸ್.ಯುಟೈಮ್’ಗೆ ಎರಡು ಸಂಖ್ಯೆಗಳನ್ನು ಕೊಡಬೇಕು: ಮೊದಲನೆಯದು ಓದಿದ ಕಾಲ, ಎರಡನೆಯದು ತಿದ್ದಿದ ಕಾಲ. ಲಿನಕ್ಸಿನ ‘ಟಚ್’ ಎಂಬ ಆಜ್ಞೆಯೂ ಇದೇ ಕೆಲಸವನ್ನು ಮಾಡುವುದು. ಇದಕ್ಕೆ ನ್ಯಾಯವಾದ ಉಪಯೋಗವಿಲ್ಲದಿಲ್ಲ. ಸಾಮಾನ್ಯವಾಗಿ ನಕಲು ಮಾಡಿದಾಗ ಹಳೆಯ ಫೈಲಿಗೆ ಆ ದಿನದ ತಾರೀಖು ಬಿದ್ದು, ನೂರಾರು ಚಿತ್ರಗಳ ಅನುಕ್ರಮವು ಕೆಡಬಹುದು. ಅದನ್ನು ಸರಿಪಡಿಸಲು ಈ ಆಜ್ಞೆಗಳು ಸಾಧನವಾಗುವುವು. ಇನ್ನೂ ಮೇಲಾದ ದಾರಿಯೆಂದರೆ ‘ಶಟಿಲ್’ನ ‘ಕಾಪಿ೨’ರಿಂದ ನಕಲು ಮಾಡುವುದು, ಅದು ಹಳೆಯ ಕಾಲವನ್ನು ಉಳಿಸಲು ಯತ್ನಿಸುವುದು.

ಇಷ್ಟು ಸುಲಭವಾಗಿ ಬದಲಾಗುವ ದಿನಾಂಕವು ಸಾಕ್ಷಿಯಾಗಬಲ್ಲುದೆ? ‘ಈ ಕರಾರನ್ನು ಅಂದೇ ಬರೆದೆ’ ಎಂದು ದಾಯಾದಿಯೊಬ್ಬನು ಫೈಲಿನ ತಾರೀಖನ್ನು ತೋರಿಸಿದರೆ ಅದೊಂದನ್ನೇ ನಂಬಲಾಗದು. ‘ಯುಟೈಮ್’ ಮೊದಲೆರಡು ಕಾಲಗಳನ್ನು ತಿದ್ದಿದರೂ ಮೂರನೆಯದು ತಿದ್ದುಪಡಿಯಾದ ಗಳಿಗೆಯನ್ನೇ ದಾಖಲಿಸುವುದು. ಇದರಿಂದ ಸಂಶಯಕ್ಕೆ ಎಡೆಯಾಗುವುದು. ಯಂತ್ರದ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿದರೆ ಅದೂ ಮೋಸಹೋಗುವುದು. ಹಿಂದೆಯೂ ಇಂತಹ ಪ್ರಶ್ನೆ ಎದ್ದಿತ್ತು. ಗಂಗರಾಜರ ಹೆಸರಿನ ತಾಮ್ರಶಾಸನಗಳಲ್ಲಿ ಹಲವು ಕೃತಕವೆಂದು ಫ್ಲೀಟ್ ಸಾಹೇಬರು ವಾದಿಸಿದರು. ಬರೆದ ವರ್ಷಕ್ಕೂ ಅಕ್ಷರಗಳ ರೂಪಕ್ಕೂ ಹೊಂದಿಕೆಯುಂಟೇ ಎಂದು ನೋಡುವುದು ಅಂತಹ ಪರೀಕ್ಷೆಯ ಒಂದು ಕ್ರಮ. ಫೈಲಿಗೂ ಅದೇ ನ್ಯಾಯ: ದಿನಾಂಕವನ್ನು ಒಳಗಿನ ವಿಷಯ, ಕಳುಹಿಸಿದ ಪತ್ರ, ಬೇರೆಯ ಪ್ರತಿ ಇವುಗಳೊಡನೆ ತಾಳೆನೋಡಬೇಕು.

ಆದಕಾರಣ ನಮ್ಮ ವಾಚಕರಿಗೆ ಮೂರು ಸೂಚನೆಗಳು. ಫೈಲಿನ ಕಾಲವನ್ನು ತಿದ್ದುವ ಮೊದಲು ಹಳೆಯ ಕಾಲಗಳ ಪಟ್ಟಿಯೊಂದನ್ನು ಬರೆದಿಡಿರಿ. ಸ್ಕ್ರಿಪ್ಟನ್ನು ಮೊದಲು ನಕಲು ಪ್ರತಿಯ ಮೇಲೆ ಪ್ರಯೋಗಿಸಿರಿ. ಅಜ್ಜ ಅಜ್ಜಿಯರ ಮದುವೆಯ ಚಿತ್ರವು ೧೯೭೦ಕ್ಕೆ ಹಿಂದಿನದಾದರೆ ಅದರ ಕಾಲವು ಸೊನ್ನೆಗಿಂತ ಕಡಿಮೆಯ ಸಂಖ್ಯೆಯಾಗುವುದು. ಎಲ್ಲ ವ್ಯವಸ್ಥೆಗಳೂ ಅದನ್ನು ಒಪ್ಪವು. ಅಂತಹ ಚಿತ್ರದ ಹೆಸರಿನಲ್ಲಿಯೇ ವರ್ಷ, ತಿಂಗಳು, ದಿನಗಳನ್ನು ಬರೆದು, ಚಿತ್ರದಲ್ಲಿರುವವರ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಜೊತೆಯಲ್ಲಿರಿಸಿರಿ.